ಟೇಪಿನ ಟೈಮ್ ಕೋಡ್ ಕೆಟ್ಟರೆ: ದುರಸ್ತಿ ಹೇಗೆ, ಮುಂದುವರಿಸುವುದು ಹೇಗೆ?

ಹಳೆಯ ಮಲ್ಟಿಟ್ರ್ಯಾಕ್ ರೀಲೊಂದನ್ನು ಮಷೀನಿಗೆ ಏರಿಸಿ, ಒಂದೊಂದೇ ಟ್ರ್ಯಾಕನ್ನು ಬಿಡಿಯಾಗಿ ಕೇಳುತ್ತ ಹೋಗಿ. ಒಂದರಲ್ಲಿ ತಬಲಾ, ಇನ್ನೊಂದರಲ್ಲಿ ಪಿಟೀಲು, ಮತ್ತೊಂದರಲ್ಲಿ ಗಾಯಕರ ದನಿ. ಕೊನೆಯ ಟ್ರ್ಯಾಕಿಗೆ ಬಂದರೆ ಸಂಗೀತದ ಸುಳಿವೇ ಇಲ್ಲ, ಕಿವಿ ಕೊರೆಯುವ ಏಕತಾನದ ಕಿರ್ರೆನ್ನುವ ಸದ್ದು. ‘ಇದು ಹಾಳಾಗಿದೆ’ ಎಂದುಕೊಂಡು ಆ ಟ್ರ್ಯಾಕನ್ನು ಕೈಬಿಟ್ಟು, ಉಳಿದದ್ದನ್ನಷ್ಟೇ ಕಂಪ್ಯೂಟರಿಗೆ ಇಳಿಸಿಕೊಳ್ಳುವವರಿದ್ದಾರೆ. ಹಾಗೆ ಬಿಟ್ಟದ್ದು ಟೇಪಿನ ಟೈಮ್ ಕೋಡ್. ಟೇಪಿನ ಯಾವ ಜಾಗದಲ್ಲಿ ಎಷ್ಟನೇ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬುದು ಆ ಸದ್ದಿನಲ್ಲೇ ಬರೆದಿರುತ್ತದೆ.

ರಂಧ್ರಗಳಿರುವ ಮ್ಯಾಗ್ನೆಟಿಕ್ ಫಿಲ್ಮಿನ ಮೇಲೆ ಧ್ವನಿ ಜೋಡಿಸುತ್ತಿದ್ದ ಸಿನಿಮಾ ಕೆಲಸಕ್ಕೆ ಈ ಕೋಡ್ ಅಷ್ಟಾಗಿ ಬೇಕಿರಲಿಲ್ಲ. ಹಲ್ಲುಚಕ್ರಗಳೇ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಿ ಹಿಡಿಯುತ್ತಿದ್ದವು. ಆಡಿಯೊ ಟೇಪಿಗೆ ರಂಧ್ರವಿಲ್ಲ. ತಿರುಗುವ ಕಡ್ಡಿಗೂ ರಬ್ಬರ್ ರೋಲರಿಗೂ ನಡುವೆ ಸಿಕ್ಕಿಕೊಂಡು ಅದು ಸಾಗುತ್ತದೆ, ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಎರಡು ಮಷೀನುಗಳನ್ನು ಒಟ್ಟಿಗೆ ಚಾಲೂ ಮಾಡಿದರೂ ಕೆಲವೇ ನಿಮಿಷಗಳಲ್ಲಿ ಒಂದರ ದಾರಿ ಒಂದಕ್ಕಿಲ್ಲ. 1980 ಮತ್ತು 90ರ ದಶಕಗಳಲ್ಲಿ ವಿಡಿಯೊ ಜೊತೆಗೋ ಸೀಕ್ವೆನ್ಸರ್ ಜೊತೆಗೋ ಟೇಪನ್ನು ಓಡಿಸಬೇಕಾದಾಗ, ಟಿ.ವಿ. ಧಾರಾವಾಹಿ ಇರಲಿ ಜಾಹೀರಾತಿನ ಜಿಂಗಲ್ ಇರಲಿ, ಒಂದು ಟ್ರ್ಯಾಕನ್ನು ಕೋಡಿಗೆಂದೇ ಮೀಸಲಿಡುತ್ತಿದ್ದರು. ಸ್ಟುಡಿಯೊ ಮಾತಿನಲ್ಲಿ ಇದಕ್ಕೆ ‘ಟೇಪ್ ಸ್ಟ್ರೈಪ್ ಮಾಡುವುದು’ ಎನ್ನುತ್ತಾರೆ.

ಆ ಟೇಪುಗಳಿಗೆ ಈಗ ಮೂವತ್ತು ನಲವತ್ತು ವರ್ಷ. ಮತ್ತೆ ಮಿಕ್ಸ್ ಮಾಡಲು ಹೊರಟವರಿಗೆ ಎದುರಾಗುವ ತೊಂದರೆ ಸಾಮಾನ್ಯವಾಗಿ ಎರಡು. ಒಂದು, ಕೋಡ್ ಅಲ್ಲಲ್ಲಿ ಅಳಿಸಿಹೋಗಿರುತ್ತದೆ. ಇನ್ನೊಂದು, ಕೋಡ್ ಇದ್ದರೂ ಸಾಲುವುದಿಲ್ಲ: ಹಾಡು ಶುರುವಾಗುವ ಹೊತ್ತಿಗಷ್ಟೇ ಶುರುವಾಗಿರುತ್ತದೆ, ಇಲ್ಲವೇ ಹಾಡು ಮುಗಿಯುವ ಮುನ್ನವೇ ನಿಂತಿರುತ್ತದೆ. ಎರಡಕ್ಕೂ ಮದ್ದಿದೆ.

ಆ ಸದ್ದಿನೊಳಗೆ ಏನಿದೆ

ದುರಸ್ತಿಗೆ ಬೇಕಾಗುವಷ್ಟು ತಿಳಿದರೆ ಸಾಕು. ಎಸ್‌ಎಂಪಿಟಿಇ, ಸ್ಟುಡಿಯೊದವರ ಬಾಯಲ್ಲಿ ‘ಸಿಂಪ್ಟಿ’, ಎಂಬ ಈ ಕೋಡಿನಲ್ಲಿ ಪ್ರತಿ ಫ್ರೇಮಿಗೆ 80 ಬಿಟ್‌ಗಳಿವೆ. 26 ಬಿಟ್‌ಗಳಲ್ಲಿ ಸಮಯ, 32ರಲ್ಲಿ ಬಳಸುವವರು ತಮಗೆ ಬೇಕಾದ್ದನ್ನು ಬರೆದುಕೊಳ್ಳುವ ಜಾಗ, 16ರಲ್ಲಿ ‘ಇಲ್ಲಿಗೆ ಫ್ರೇಮ್ ಮುಗಿಯಿತು’ ಎಂಬ ಗುರುತು, ಉಳಿದ ಆರು ಸಣ್ಣಪುಟ್ಟ ಸೂಚನೆಗಳಿಗೆ. ನಮ್ಮ ದೂರದರ್ಶನದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಅಂದರೆ ಸೆಕೆಂಡಿಗೆ 2000 ಬಿಟ್‌ಗಳು. ಸೊನ್ನೆಗಳೇ ಬಂದರೆ 1000 ಹರ್ಟ್ಸ್ ಸದ್ದು, ಒಂದುಗಳೇ ಬಂದರೆ 2000 ಹರ್ಟ್ಸ್. ಕಿರ್ರೆನ್ನುವುದು ಇವೆರಡರ ನಡುವಿನ ತುಯ್ದಾಟ.

ಪ್ರತಿ ಬಿಟ್ಟಿನ ಆರಂಭದಲ್ಲಿ ತರಂಗ ಒಮ್ಮೆ ಮಗುಚುತ್ತದೆ. ಬಿಟ್ಟು ‘ಒಂದು’ ಆಗಿದ್ದರೆ ನಡುವೆ ಇನ್ನೊಮ್ಮೆ ಮಗುಚುತ್ತದೆ. ಅಷ್ಟೇ ವ್ಯಾಕರಣ. ಓದುವ ಯಂತ್ರ ನೋಡುವುದು ಮಗುಚುವಿಕೆಯನ್ನು ಮಾತ್ರವಾದ್ದರಿಂದ ತಂತಿಯ ಪ್ಲಸ್ಸು ಮೈನಸ್ಸು ಅದಲುಬದಲಾದರೂ ಚಿಂತೆಯಿಲ್ಲ. ಟೇಪನ್ನು ಹಿಂದಕ್ಕೆ ಓಡಿಸಿದರೂ ಕೋಡ್ ಓದಲು ಬರುತ್ತದೆ, ಅಂಕಿಗಳು ಇಳಿಯುತ್ತ ಬರುತ್ತವೆ ಅಷ್ಟೆ.

ಇನ್ನು ಗಾತ್ರ. ಸೆಕೆಂಡಿಗೆ 15 ಇಂಚು ಓಡುವ ರೀಲಿನಲ್ಲಿ ಒಂದು ಫ್ರೇಮು ಸುಮಾರು 15 ಮಿಲಿಮೀಟರ್ ಉದ್ದ, ಒಂದು ಬಿಟ್ಟು ಸುಮಾರು 0.19 ಮಿಲಿಮೀಟರ್. ಸಾಮಾನ್ಯ ಕ್ಯಾಸೆಟ್ಟಿನ ವೇಗದಲ್ಲಿ ಬಿಟ್ಟು 0.024 ಮಿಲಿಮೀಟರಿಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಸಾಕು, ನಾಲ್ಕಾರು ಬಿಟ್‌ಗಳು ಮಾಯ. ಸಾಲದ್ದಕ್ಕೆ ಕೋಡನ್ನು ಬರೆಯುವುದೇ ಅಂಚಿನ ಟ್ರ್ಯಾಕಿನಲ್ಲಿ: 24 ಟ್ರ್ಯಾಕಿನ ರೀಲಾದರೆ 24ನೆಯದು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ಟಾದರೆ ನಾಲ್ಕನೆಯದು. ಟೇಪು ಮಡಚಿಕೊಳ್ಳುವುದು, ತರಚಿಕೊಳ್ಳುವುದು ಮೊದಲು ಅಂಚಿನಲ್ಲೇ. ಹಾಡು ಚೆನ್ನಾಗಿದ್ದೂ ಕೋಡ್ ಕೆಡಲು ಇದೇ ಕಾರಣ.

ಮೊದಲು ಟೇಪಿನ ಆರೋಗ್ಯ

ಮಷೀನಿಗೆ ಏರಿಸುವ ಮುನ್ನ ಟೇಪನ್ನು ನೋಡಿ. ಮಂಗಳೂರು, ಕಾರವಾರ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಗಳನ್ನು ಕಳೆದ ರೀಲುಗಳಿಗೆ ಬೂಷ್ಟು ಹಿಡಿದಿರುವುದು ಸಾಮಾನ್ಯ. ಬೂಷ್ಟು ಇದ್ದರೆ ಓಡಿಸಲೇಬೇಡಿ. ಅದು ಹೆಡ್ಡಿಗೂ ಅಂಟುತ್ತದೆ, ಮುಂದಿನ ಟೇಪಿಗೂ ದಾಟುತ್ತದೆ, ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಎರಡನೆಯದು ಅಂಟು. ಆಂಪೆಕ್ಸ್ 456ರಂತಹ, ಒಂದು ಕಾಲದಲ್ಲಿ ಸ್ಟುಡಿಯೊಗಳಲ್ಲಿ ಮನೆಮಾತಾಗಿದ್ದ ಟೇಪುಗಳ ಲೇಪನ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಕೀರಲು ಸದ್ದು, ಹೆಡ್ಡಿನ ಮೇಲೆ ಕಂದು ಬಣ್ಣದ ಜಿಡ್ಡು. ಇಂಥ ಟೇಪನ್ನು 50ರಿಂದ 55 ಡಿಗ್ರಿ ಸೆಲ್ಸಿಯಸ್ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದರೆ ಕೆಲವು ವಾರಗಳ ಮಟ್ಟಿಗೆ ಓಡಿಸಬಹುದಾದ ಸ್ಥಿತಿಗೆ ಬರುತ್ತದೆ. ಅದು ಅನುಭವಿಗಳ ಕೆಲಸ, ಅಡುಗೆಮನೆಯ ಓವನ್ನಿನಲ್ಲಿ ಮಾಡುವ ಪ್ರಯೋಗವಲ್ಲ. ಬೆಳಕಿಗೆ ಹಿಡಿದಾಗ ರೀಲಿನ ಬದಿಯಿಂದ ಬೆಳಕು ತೂರಿ ಬರುತ್ತಿದ್ದರೆ ಅದು ಇನ್ನೂ ಹಳೆಯ ಅಸಿಟೇಟ್ ಟೇಪು, ಅದಕ್ಕೆ ಬಿಸಿ ತೋರಿಸಲೇಬಾರದು.

ಹೆಡ್ಡುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಹತ್ತಿ ಬೆಳ್ಳಗೆ ಹಿಂತಿರುಗುವವರೆಗೆ ಕಡ್ಡಿ ಬದಲಿಸುತ್ತ ಹೋಗಿ. ಮಷೀನಿನ ಎಲ್ಲ ಟ್ರ್ಯಾಕುಗಳನ್ನೂ ‘ಸೇಫ್’ಗೆ ಹಾಕಿ, ರೆಕಾರ್ಡ್ ಬೆಳಕು ಒಂದೂ ಉರಿಯುತ್ತಿಲ್ಲವೆಂದು ಕಣ್ಣಾರೆ ನೋಡಿದ ಮೇಲೆಯೇ ಪ್ಲೇ ಒತ್ತಿ.

ಎಲ್ಲ ಟ್ರ್ಯಾಕುಗಳೂ, ಕೋಡ್ ಸಮೇತ

ಮೂಲ ಟೇಪಿನ ಮೇಲೆ ಇಂದು ಹೊಸದಾಗಿ ಏನನ್ನೂ ಬರೆಯಕೂಡದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ದುರಸ್ತಿ ನಡೆಯಬೇಕಾದದ್ದು ಕಂಪ್ಯೂಟರಿನಲ್ಲಿ, ಇಲ್ಲವೇ ಮೂಲದಿಂದ ಮಾಡಿಕೊಂಡ ಪ್ರತಿಯ ಮೇಲೆ. ಹಾಗಾಗಿ ಮೊದಲ ಹೆಜ್ಜೆ, ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು.

48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲು. ಎಂಪಿ3 ಬೇಡ. ಹಾಡಿಗೆ ಅದು ಹೇಗೋ ನಡೆದೀತು, ಕೋಡಿನ ಚೂಪು ಅಂಚುಗಳನ್ನು ಮಾತ್ರ ಸವೆಸಿಬಿಡುತ್ತದೆ. ಕೋಡ್ ಟ್ರ್ಯಾಕಿಗೆ ಡಾಲ್ಬಿ, ಡಿಬಿಎಕ್ಸ್ ಯಾವ ನಾಯ್ಸ್ ರಿಡಕ್ಷನ್ನೂ ಬೇಡ, ಕಂಪ್ಯೂಟರಿನಲ್ಲಿ ‘ಸದ್ದು ತೆಗೆಯುವ’ ಫಿಲ್ಟರುಗಳಂತೂ ಬೇಡವೇ ಬೇಡ. ಫಿಲ್ಟರಿನ ಕಣ್ಣಿಗೆ ಕೋಡೇ ಕಸ.

ಸಾಧ್ಯವಾದರೆ ಎಲ್ಲ ಟ್ರ್ಯಾಕುಗಳನ್ನೂ ಒಂದೇ ಓಟದಲ್ಲಿ ಇಳಿಸಿಕೊಳ್ಳಿ. ಟೇಪಿನಲ್ಲಿ 24 ಟ್ರ್ಯಾಕು, ನಿಮ್ಮ ಬಳಿಯ ಆಡಿಯೊ ಇಂಟರ್‌ಫೇಸಿನಲ್ಲಿ ಎಂಟೇ ದ್ವಾರ ಇದ್ದರೆ? ಮೂರು ಸಲ ಓಡಿಸಿದರೆ ಮುಗಿಯಿತು ಅನ್ನಿಸುತ್ತದೆ. ಅಲ್ಲ, ನಾಲ್ಕು ಸಲ ಓಡಿಸಬೇಕು. ಪ್ರತಿ ಓಟದಲ್ಲೂ ಎಂಟನೇ ದ್ವಾರ ಕೋಡಿಗೆ ಮೀಸಲು, ಉಳಿದ ಏಳು ಹಾಡಿಗೆ. ಟೇಪು ಪ್ರತಿ ಓಟದಲ್ಲೂ ಒಂದಿಷ್ಟು ಬೇರೆ ವೇಗದಲ್ಲಿ ಓಡುತ್ತದೆ. ನಾಲ್ಕು ಓಟಗಳನ್ನು ಆಮೇಲೆ ಒಂದರ ಮೇಲೊಂದು ಕೂರಿಸಲು ನಿಮಗಿರುವ ಆಧಾರ ಕೋಡ್ ಒಂದೇ. ಇದರ ಜೊತೆಗೊಂದು ಎಚ್ಚರಿಕೆ: ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟಿದ್ದರೆ, ಉದಾಹರಣೆಗೆ ಮೃದಂಗದ ಎಡ ಬಲ, ಆ ಎರಡೂ ಟ್ರ್ಯಾಕುಗಳು ಒಂದೇ ಓಟದಲ್ಲಿ ಬರಲಿ. ಬೇರೆ ಬೇರೆ ಓಟದಲ್ಲಿ ಬಂದದ್ದನ್ನು ಅಷ್ಟು ಸೂಕ್ಷ್ಮವಾಗಿ ಹೊಂದಿಸಲು ಕೋಡಿನಿಂದಲೂ ಆಗದು.

ಕಾಯಿಲೆ ಯಾವುದೆಂದು ಮೊದಲು ತಿಳಿಯಿರಿ

ಕೋಡ್ ಓದದಿದ್ದರೆಲ್ಲ ಅದು ಅಳಿಸಿಹೋಗಿದೆ ಎಂದಲ್ಲ. ಒಂದೇ ಜಾಗವನ್ನು ಎರಡು ಮೂರು ಸಲ ಓಡಿಸಿ ನೋಡಿ. ಪ್ರತಿ ಸಲವೂ ಅದೇ ಅಂಕಿಯಲ್ಲಿ ತಡವರಿಸಿದರೆ ಟೇಪಿಗೇ ಗಾಯವಾಗಿದೆ. ಸಲಕ್ಕೊಂದು ಕಡೆ ತಡವರಿಸಿದರೆ ಟೇಪು ಸರಿಯಿದೆ, ಹೆಡ್ಡಿನಲ್ಲಿ ಕೊಳೆಯೋ ಹೆಡ್ಡಿನ ಕೋನದಲ್ಲಿ ವ್ಯತ್ಯಾಸವೋ ಇದೆ. ಸದ್ದು ತೀರ ಕ್ಷೀಣವಿದ್ದು ಅಂಕಿಗಳು ಮಿಣುಕುತ್ತಿದ್ದರೆ ಮಟ್ಟ ಏರಿಸಿದರೆ ಸಾಕಾಗಬಹುದು. ಪಕ್ಕದ ಟ್ರ್ಯಾಕಿನ ತಾಳ ಕೋಡಿನೊಳಗೆ ಕೇಳಿಸುತ್ತಿದ್ದು, ಪ್ರತಿ ಪೆಟ್ಟಿಗೂ ಕೋಡ್ ಮುಗ್ಗರಿಸುತ್ತಿದ್ದರೆ ಅದು ಸೋರಿಕೆ. 500 ಹರ್ಟ್ಸಿಗಿಂತ ಕೆಳಗಿನದನ್ನು ಕತ್ತರಿಸಿ ನೋಡಿ. ಇದನ್ನು ಪ್ರತಿಯ ಮೇಲೆ ಮಾಡಿ, ಮೂಲ ಫೈಲನ್ನು ಮುಟ್ಟಬೇಡಿ.

ಕೋಡ್ ಸ್ವಚ್ಛವಾಗಿದ್ದೂ ಅಂಕಿ ದಿಢೀರನೆ ಜಿಗಿದರೆ ರೀಲನ್ನು ಕೈಯಲ್ಲಿ ತಿರುಗಿಸಿ ಆ ಜಾಗ ನೋಡಿ. ಬ್ಲೇಡಿನಿಂದ ಕತ್ತರಿಸಿ ಬಿಳಿ ಪಟ್ಟಿ ಅಂಟಿಸಿದ ಗುರುತು ಕಂಡರೆ, ಅದು ಕಾಯಿಲೆಯಲ್ಲ, ಇತಿಹಾಸ. ಅಂದಿನ ಎಂಜಿನಿಯರು ಅಲ್ಲಿ ಒಂದು ಸಾಲನ್ನೋ ಒಂದು ಆವರ್ತನವನ್ನೋ ತೆಗೆದಿದ್ದಾರೆ. ಎಷ್ಟು ತೆಗೆದರೆಂಬುದನ್ನು ಆ ಜಿಗಿತವೇ ಹೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳದೆ ನಯ ಮಾಡಿಬಿಡುವುದು ದಾಖಲೆಗೆ ಮಾಡುವ ಅನ್ಯಾಯ.

ಫ್ರೇಮಿನ ದರವನ್ನು ಊಹಿಸಬೇಡಿ, ಎಣಿಸಿ. ಫ್ರೇಮಿನ ಅಂಕಿ 24ರವರೆಗೆ ಹೋಗಿ ಸೊನ್ನೆಗೆ ಮರಳಿದರೆ 25ರ ದರ. 23ಕ್ಕೇ ಮರಳಿದರೆ ಸಿನಿಮಾದ 24. 29ರವರೆಗೆ ಹೋದರೆ ಅಮೆರಿಕದ ಪದ್ಧತಿ: 30 ಇರಬಹುದು, 29.97 ಇರಬಹುದು. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿಯೇ ವಿಡಿಯೊ ಜೊತೆಗೆ ಮಾಡಿಸಿದ ಧ್ವನಿಮುದ್ರಣ ನಿಮ್ಮ ಕೈಗೆ ಬಂದರೆ ಇದನ್ನು ಮರೆಯಬೇಡಿ. ಅಲ್ಲಿ ‘ಡ್ರಾಪ್ ಫ್ರೇಮ್’ ಎಂಬ ಲೆಕ್ಕವೂ ಒಂದಿದೆ. ಪ್ರತಿ ನಿಮಿಷದ ಆರಂಭದಲ್ಲಿ 00 ಮತ್ತು 01 ಎಂಬ ಎರಡು ಅಂಕಿಗಳನ್ನು ಹಾರಿಸುತ್ತಾರೆ, ಹತ್ತರಿಂದ ಭಾಗಿಸಲಾಗುವ ನಿಮಿಷಗಳಲ್ಲಿ ಮಾತ್ರ ಹಾರಿಸುವುದಿಲ್ಲ. ಗಂಟೆಗೆ 108 ಅಂಕಿಗಳು ಹೀಗೆ ಕಾಣೆಯಾಗುತ್ತವೆ. ಟೇಪು ಕೆಟ್ಟಿದೆಯೆಂದು ಆ ‘ತೂತು’ಗಳನ್ನು ತುಂಬಲು ಹೋದರೆ ಗಂಟೆಗೆ 3.6 ಸೆಕೆಂಡು ಅಡ್ಡದಾರಿ ಹಿಡಿದಂತೆ.

ಕಂಪ್ಯೂಟರಿನಲ್ಲಿ ದುರಸ್ತಿ

ಕೆಟ್ಟ ಕೋಡನ್ನು ಹಾಗೇ ನಕಲು ಮಾಡಿದರೆ ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ, ಪ್ರತಿ ನಕಲಿನಲ್ಲೂ ಅಂಚು ಇನ್ನಷ್ಟು ಮಸುಕು. ಆದ್ದರಿಂದ ಕೋಡನ್ನು ನಕಲು ಮಾಡುವುದಿಲ್ಲ. ಅದರಲ್ಲಿರುವ ಅಂಕಿಗಳನ್ನು ಓದಿ, ಅದೇ ಅಂಕಿಗಳ ಹೊಸ ಕೋಡನ್ನು ಬರೆಯುತ್ತೇವೆ.

ಓದಲು ಎಲ್‌ಟಿಸಿ-ಟೂಲ್ಸ್ ಎಂಬ ಉಚಿತ ಉಪಕರಣಗಳ ಕಟ್ಟಿನಲ್ಲಿರುವ ಎಲ್‌ಟಿಸಿಡಂಪ್ ಸಾಕು. ಕೋಡ್ ಟ್ರ್ಯಾಕಿನ ವೇವ್ ಫೈಲನ್ನು ಕೊಟ್ಟರೆ ಅದು ಫ್ರೇಮಿಗೊಂದು ಸಾಲಿನಂತೆ ಪಟ್ಟಿ ಹೊರಡಿಸುತ್ತದೆ: ಟೈಮ್ ಕೋಡ್ ಎಷ್ಟು, ಅದು ಫೈಲಿನ ಎಷ್ಟನೇ ಸ್ಯಾಂಪಲ್ಲಿನಲ್ಲಿ ಶುರುವಾಗುತ್ತದೆ. ಬಳಸುವವರ ಜಾಗದಲ್ಲಿ ಅಂದಿನವರು ದಿನಾಂಕವನ್ನೋ ರೀಲಿನ ಸಂಖ್ಯೆಯನ್ನೋ ಬರೆದಿದ್ದರೆ ಅದೂ ಸಿಗುತ್ತದೆ. ಪೆಟ್ಟಿಗೆಯ ಮೇಲಿನ ಚೀಟಿ ಉದುರಿಹೋದ ರೀಲಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಈ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ, ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಎಷ್ಟು ಸ್ಯಾಂಪಲ್ ದೂರವೆಂದು ಲೆಕ್ಕ ಹಾಕಿಸಿ. 48 ಕಿಲೊಹರ್ಟ್ಸಿನಲ್ಲಿ, 25ರ ದರದಲ್ಲಿ ಒಂದು ಫ್ರೇಮು ಸರಿಯಾಗಿ 1920 ಸ್ಯಾಂಪಲ್. ಒಂದು ಬಿಟ್ಟು 24 ಸ್ಯಾಂಪಲ್. 3840 ಎಂದು ಬಂದ ಕಡೆ ಒಂದು ಫ್ರೇಮು ಕಳೆದುಹೋಗಿದೆ. 19,200 ಎಂದು ಬಂದರೆ ಒಂಬತ್ತು ಹೋಗಿವೆ. ಬೇಕಿದ್ದರೆ ತರಂಗವನ್ನು ದೊಡ್ಡದು ಮಾಡಿ ಆ ಜಾಗವನ್ನು ಕಣ್ಣಿನಿಂದಲೇ ನೋಡಬಹುದು. ಒಳ್ಳೆಯ ಕಡೆ 24 ಸ್ಯಾಂಪಲ್ ಅಗಲದ ಮೆಟ್ಟಿಲುಗಳು ಸೊನ್ನೆ, 12ರ ಜೋಡಿ ಮೆಟ್ಟಿಲು ಒಂದು. ಗಾಯವಾದ ಕಡೆ ಮೆಟ್ಟಿಲುಗಳು ಕುಸಿದು ನಡುಗೆರೆಗೆ ಅಂಟಿಕೊಂಡಿರುತ್ತವೆ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಕೋಡಿನ ಅತಿ ದೊಡ್ಡ ಬೆಲೆ ಇದೇ. ಕೋಡಿನ ಪ್ರಕಾರ ಹತ್ತು ನಿಮಿಷ ಕಳೆದಿರುವ ಎರಡು ಜಾಗಗಳನ್ನು ಆರಿಸಿ. ಅವುಗಳ ನಡುವೆ 2,88,00,000 ಸ್ಯಾಂಪಲ್ ಇರಬೇಕು. 2,88,28,800 ಇದ್ದರೆ ನಿಮ್ಮ ಮಷೀನು ಟೇಪನ್ನು ಶೇ 0.1ರಷ್ಟು ನಿಧಾನವಾಗಿ ಓಡಿಸಿದೆ. ಹತ್ತು ನಿಮಿಷಕ್ಕೆ 15 ಫ್ರೇಮಿನ ವ್ಯತ್ಯಾಸ. ಕಿವಿಗೆ ಅದು ತಿಳಿಯುವುದಿಲ್ಲ, ವಿಡಿಯೊ ಪಕ್ಕಕ್ಕೆ ಇಟ್ಟರೆ ಗಾಯಕರ ತುಟಿ ಮುಂದೆ, ದನಿ ಹಿಂದೆ. ಅಂದು ಸ್ಟುಡಿಯೊದಲ್ಲಿ ಕ್ವಾರ್ಟ್ಸ್ ಹರಳಿನ ಗಡಿಯಾರದಿಂದ ಹುಟ್ಟಿದ ಕೋಡ್ ಇಷ್ಟು ವರ್ಷಗಳ ನಂತರವೂ ಟೇಪಿನ ನಿಜವಾದ ವೇಗವನ್ನು ಹೇಳುತ್ತಿದೆ.

ವೇಗ ತಿದ್ದುವಾಗ ಎಲ್ಲ ಟ್ರ್ಯಾಕುಗಳಿಗೂ, ಕೋಡ್ ಟ್ರ್ಯಾಕಿಗೂ, ಒಂದೇ ಪ್ರಮಾಣ ಬಳಸಿ. ಶ್ರುತಿ ಬದಲಿಸದೆ ಉದ್ದ ಮಾತ್ರ ಬದಲಿಸುವ ‘ಟೈಮ್ ಸ್ಟ್ರೆಚ್’ ಇಲ್ಲಿ ಸಲ್ಲದು. ಟೇಪು ನಿಧಾನವಾದಾಗ ಶ್ರುತಿಯೂ ಇಳಿದಿರುತ್ತದೆ, ಎರಡೂ ಒಟ್ಟಿಗೆ ಮೇಲಕ್ಕೆ ಬರಬೇಕು. ಹಳೆಯ ಹಾಡು ಯಾಕೋ ತಂಬೂರಿಗೆ ಕೂರುತ್ತಿಲ್ಲ ಎನ್ನುವ ದೂರು ಕೆಲವೊಮ್ಮೆ ಇಲ್ಲೇ ಬಗೆಹರಿಯುತ್ತದೆ.

ವೇಗ ಸರಿಯಾದ ಮೇಲೆ ಹೊಸ ಕೋಡ್ ಬರೆಯುವುದು ಐದು ನಿಮಿಷದ ಕೆಲಸ. ರೀಪರ್ ಎಂಬ ಆಡಿಯೊ ಸಾಫ್ಟ್‌ವೇರಿನಲ್ಲಿ ಇನ್ಸರ್ಟ್ ಮೆನುವಿನೊಳಗೆ ಎಸ್‌ಎಂಪಿಟಿಇ ಕೋಡ್ ಹುಟ್ಟಿಸುವ ಆಯ್ಕೆಯಿದೆ. ಆರ್ಡರ್ ಎಂಬ ಇನ್ನೊಂದರಲ್ಲೂ, ಮೇಲೆ ಹೇಳಿದ ಎಲ್‌ಟಿಸಿ-ಟೂಲ್ಸ್‌ನಲ್ಲೂ ಇದೆ. ದರ 25, ಆರಂಭದ ಅಂಕಿ ಇಷ್ಟು ಎಂದು ಕೊಟ್ಟು, ಹೊಸ ಟ್ರ್ಯಾಕಿಗೆ ಬರೆಸಿ. ಹಳೆಯ ಕೋಡ್ ಟ್ರ್ಯಾಕನ್ನು ಮ್ಯೂಟ್ ಮಾಡಿ, ಅಳಿಸಬೇಡಿ.

ಹಿಂದಕ್ಕೂ ಮುಂದಕ್ಕೂ ಚಾಚುವುದು

ಕೋಡ್ ಓದಿ ಮಷೀನುಗಳನ್ನು ಒಂದಕ್ಕೊಂದು ಹೊಂದಿಸುವ ಸಿಂಕ್ರೊನೈಸರ್ ಯಾವುದೇ ಇರಲಿ, ಪ್ಲೇ ಒತ್ತಿದ ಕ್ಷಣದಲ್ಲೇ ಲಾಕ್ ಆಗುವುದಿಲ್ಲ, ಕೆಲವು ಸೆಕೆಂಡು ಬೇಡುತ್ತದೆ. ಹಾಗಾಗಿ ಹಾಡಿಗೆ ಮೊದಲು ಹತ್ತರಿಂದ ಮೂವತ್ತು ಸೆಕೆಂಡಿನಷ್ಟು ಕೋಡ್ ಇರಬೇಕು. ಟೇಪು ಉಳಿಸಲು ಹೋಗಿ ಇದನ್ನು ಬಿಟ್ಟ ರೀಲುಗಳು ಬೇಕಾದಷ್ಟಿವೆ. ಈಗ ಅದನ್ನು ಸೇರಿಸುವ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ.

ಪಟ್ಟಿಯಲ್ಲಿ ಮೊದಲ ಸ್ವಚ್ಛ ಫ್ರೇಮು 01:00:02:07, ಅದು ಸಿಕ್ಕಿದ್ದು 5,76,900ನೇ ಸ್ಯಾಂಪಲ್ಲಿನಲ್ಲಿ ಎಂದಿಟ್ಟುಕೊಳ್ಳಿ. 1920ರಿಂದ ಭಾಗಿಸಿದರೆ 300 ಫ್ರೇಮು ಹೋಗಿ 900 ಸ್ಯಾಂಪಲ್ ಉಳಿಯುತ್ತದೆ. ಈ ಉಳಿಕೆ ತೊಂದರೆಯದು. ಹೊಸ ಕೋಡಿನ ಫ್ರೇಮಿನ ಗೆರೆಯೂ ಹಳೆಯದರ ಗೆರೆಯೂ ಒಂದರ ಮೇಲೊಂದು ಕೂರುವುದಿಲ್ಲ. ಆದ್ದರಿಂದ ಎಲ್ಲ ಟ್ರ್ಯಾಕುಗಳ ಮೊದಲಿಗೂ 1020 ಸ್ಯಾಂಪಲ್ ಮೌನ ಸೇರಿಸಿ. ಈಗ ಆ ಫ್ರೇಮು 5,77,920ಕ್ಕೆ ಬಂತು, ಸರಿಯಾಗಿ 301 ಫ್ರೇಮು, ಅಂದರೆ 12 ಸೆಕೆಂಡು 1 ಫ್ರೇಮು. 01:00:02:07ರಿಂದ ಅದನ್ನು ಕಳೆದರೆ 00:59:50:06. ನಿಮ್ಮ ಫೈಲಿನ ತೀರ ಮೊದಲ ಕ್ಷಣದ ಟೈಮ್ ಕೋಡ್ ಇದು. ಇಲ್ಲಿಂದ ಶುರುವಾಗುವಂತೆ ಹೊಸ ಕೋಡ್ ಹುಟ್ಟಿಸಿ, 301 ಫ್ರೇಮುಗಳ ನಂತರ ಅದು ತಾನಾಗಿಯೇ ಹಳೆಯದನ್ನು ಕೂಡಿಕೊಳ್ಳುತ್ತದೆ. ಇನ್ನೂ ಇಪ್ಪತ್ತು ಸೆಕೆಂಡು ಬೇಕೆ? ಎಲ್ಲ ಟ್ರ್ಯಾಕುಗಳಿಗೂ ಇಪ್ಪತ್ತು ಸೆಕೆಂಡು ಮೌನ ಸೇರಿಸಿ, 00:59:30:06ರಿಂದ ಶುರು ಮಾಡಿ.

ಹಳೆಯ ಕೋಡ್ 00:00:00:00ರಿಂದಲೇ ಶುರುವಾಗಿದ್ದರೆ ಒಂದು ಗುಂಡಿ ಕಾದಿರುತ್ತದೆ. ಅದಕ್ಕಿಂತ ಹಿಂದೆ ಹೋದರೆ ಹಿಂದಿನ ದಿನದ 23:59 ಬರುತ್ತದೆ. ಯಂತ್ರಕ್ಕೆ ‘ನಿನ್ನೆ’ ಎಂಬುದಿಲ್ಲ, ಟೇಪಿನ ಇನ್ನೊಂದು ತುದಿಯಲ್ಲಿ ಇಪ್ಪತ್ನಾಲ್ಕು ಗಂಟೆ ದೂರ ಹುಡುಕಲು ಹೊರಡುತ್ತದೆ. ಅಂಥ ಕಡೆ ಇಡೀ ಕೋಡಿಗೆ ಒಂದು ಗಂಟೆ ಕೂಡಿಸಿ, ‘ಹಳೆಯದು + 1 ಗಂಟೆ’ ಎಂದು ಟಿಪ್ಪಣಿಯಲ್ಲಿ ದೊಡ್ಡದಾಗಿ ಬರೆಯಿರಿ. ಅನುಭವಸ್ಥರು ಕೋಡನ್ನು ಒಂದನೇ ಗಂಟೆಯಿಂದ ಶುರು ಮಾಡುತ್ತಿದ್ದುದು ಇದಕ್ಕೇ.

ಕೊನೆಯಲ್ಲಿ ಮುಂದುವರಿಸುವುದು ಸುಲಭ. ಹೊಸ ಕೋಡನ್ನು ಹಾಡು ಮುಗಿದು ಹತ್ತು ಸೆಕೆಂಡಿನ ತನಕ ಬರೆಸಿದರಾಯಿತು. ಹಳೆಯ ಕೋಡ್ ನಿಂತ ಮೇಲೆ ಟೇಪಿನ ವೇಗವನ್ನು ಅಳೆಯಲು ದಾರಿಯಿಲ್ಲ, ಕೊನೆಯ ಒಂದೆರಡು ನಿಮಿಷದ ವೇಗವನ್ನೇ ಮುಂದಕ್ಕೂ ಹಿಡಿಯಬೇಕು.

ಕೆಲಸ ಮುಗಿದ ಫೈಲುಗಳನ್ನು ಬ್ರಾಡ್‌ಕಾಸ್ಟ್ ವೇವ್ ಆಗಿ ಉಳಿಸಿ. ಅದರ ಶಿರೋಭಾಗದಲ್ಲಿ ಮಧ್ಯರಾತ್ರಿಯಿಂದ ಎಷ್ಟನೇ ಸ್ಯಾಂಪಲ್ ಎಂದು ಬರೆಯುವ ಜಾಗವಿದೆ. 01:00:00:00 ಎಂದರೆ 48 ಕಿಲೊಹರ್ಟ್ಸಿನಲ್ಲಿ 17,28,00,000. ಇದನ್ನು ತುಂಬಿಸಿದರೆ ನಾಳೆ ಯಾರು ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ ಟ್ರ್ಯಾಕುಗಳನ್ನು ಅವುಗಳ ಜಾಗದಲ್ಲೇ ಕೂರಿಸಬಹುದು.

ಟೇಪಿನ ಮೇಲೇ ಬರೆಯಬೇಕಾದರೆ

ಇಂದಿಗೂ ರೀಲಿನ ಮೇಲೆ ಕೆಲಸ ಮಾಡುವವರಿದ್ದಾರೆ. ಅವರಿಗೆ, ಪ್ರತಿಯ ಮೇಲೆ ಮಾತ್ರ ಎಂಬ ಷರತ್ತಿನೊಂದಿಗೆ, ಇಷ್ಟು.

ಬೇಕಾದ್ದು ಹಳೆಯ ಕೋಡನ್ನು ಓದಿ ಹೊಸದನ್ನು ಬರೆಯುವ ಜನರೇಟರ್. ಅದರಲ್ಲಿ ‘ಜಾಮ್ ಸಿಂಕ್’ ಎರಡು ಬಗೆ. ಒಂದರಲ್ಲಿ ಅದು ಒಮ್ಮೆ ಅಂಕಿಯನ್ನು ಹಿಡಿದು, ಆಮೇಲೆ ತನ್ನ ಗಡಿಯಾರದಂತೆ ಓಡುತ್ತದೆ. ಇನ್ನೊಂದರಲ್ಲಿ ಹಳೆಯ ಕೋಡನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸುತ್ತದೆ, ಗಾಯದ ಕಡೆ ಮಾತ್ರ ಕೆಲವು ಫ್ರೇಮುಗಳನ್ನು ತಾನೇ ಎಣಿಸಿ ದಾಟುತ್ತದೆ. ನಡುವಿನ ದುರಸ್ತಿಗೆ ಎರಡನೆಯದು ಬೇಕು. ಮೊದಲನೆಯದನ್ನು ಬಳಸಿದರೆ ಟೇಪು ಒಂದು ವೇಗ, ಜನರೇಟರ್ ಇನ್ನೊಂದು ವೇಗ. ಹಳೆಯ ಕೋಡನ್ನು ಮತ್ತೆ ಕೂಡುವ ಹೊತ್ತಿಗೆ ಅಂಕಿಗಳು ತಪ್ಪಿರುತ್ತವೆ. ಕೊನೆಯಲ್ಲಿ ಮುಂದುವರಿಸುವುದಕ್ಕಾದರೆ ಮೊದಲನೆಯದೇ ಸರಿ: ಕೋಡ್ ನಿಲ್ಲುವ ಹತ್ತಿಪ್ಪತ್ತು ಸೆಕೆಂಡು ಮುಂಚಿನಿಂದ ಓಡಿಸಿ, ಜನರೇಟರ್ ಅಂಕಿ ಹಿಡಿದ ಮೇಲೆ ರೆಕಾರ್ಡ್ ಒತ್ತಿ.

ಹೊಸ ಕೋಡ್ ಖಾಲಿ ಟ್ರ್ಯಾಕಿಗೆ ಹೋಗಲಿ. ಆದರೆ ಹಳೆಯ ಕೋಡಿನ ಪಕ್ಕದ ಟ್ರ್ಯಾಕಿಗೆ ಬೇಡ. ಒಂದೇ ಹೆಡ್ಡಿನಲ್ಲಿ ಒಂದು ಟ್ರ್ಯಾಕು ಬರೆಯುತ್ತಿದ್ದರೆ ಅದರ ಸದ್ದು ಪಕ್ಕದ ಟ್ರ್ಯಾಕಿಗೆ ಸೋರಿ, ಜನರೇಟರ್ ತಾನು ಬರೆದದ್ದನ್ನೇ ತಾನು ಓದಲು ಶುರು ಮಾಡುತ್ತದೆ. ಓದುವುದು ಸಿಂಕ್ ಹೆಡ್ಡಿನಿಂದ, ಅಂದರೆ ಬರೆಯುವ ಹೆಡ್ಡಿನಿಂದಲೇ ಆಗಬೇಕು. ಪ್ಲೇಬ್ಯಾಕ್ ಹೆಡ್ಡಿನಿಂದ ಓದಿದರೆ, ಎರಡರ ನಡುವಿನ ಅಂತರ ಒಂದೂವರೆ ಇಂಚು ಇದ್ದಲ್ಲಿ, 15 ಇಂಚಿನ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ, ಎರಡೂವರೆ ಫ್ರೇಮು, ಹೊಸ ಕೋಡ್ ಹಿಂದೆ ಬೀಳುತ್ತದೆ. ಮಟ್ಟ −10 ವಿಯು ಸಾಕು. ಹೆಚ್ಚು ಕೊಟ್ಟರೆ ಕೋಡ್ ಪಕ್ಕದ ಹಾಡಿಗೆ ಸೋರುತ್ತದೆ. ಮುಗಿದ ಮೇಲೆ ಎರಡೂ ಕೋಡುಗಳನ್ನು ಒಟ್ಟಿಗೆ ಓದಿಸಿ ನೋಡಿ. ವ್ಯತ್ಯಾಸ ಮೊದಲಿಂದ ಕೊನೆಯವರೆಗೆ ಒಂದೇ ಇದ್ದರೆ ಆಯಿತು, ಹೋಗುತ್ತ ಹೋಗುತ್ತ ಬೆಳೆದರೆ ಮತ್ತೆ ಮಾಡಬೇಕು.

ನಾಲ್ಕು ಟ್ರ್ಯಾಕಿನ ಕ್ಯಾಸೆಟ್ಟುಗಳು

ಮನೆಯಲ್ಲೇ ಕೀಬೋರ್ಡ್ ಇಟ್ಟುಕೊಂಡು ಪೋರ್ಟಾಸ್ಟುಡಿಯೊ ಎಂಬ ಕ್ಯಾಸೆಟ್ ರೆಕಾರ್ಡರಿನಲ್ಲಿ ರೆಕಾರ್ಡ್ ಮಾಡಿದವರ ಕ್ಯಾಸೆಟ್ಟುಗಳದ್ದು ಬೇರೆ ಕಥೆ. ಅಲ್ಲಿರುವುದು ಎಷ್ಟೋ ಸಲ ಸಿಂಪ್ಟಿಯಲ್ಲ, ಎಫ್‌ಎಸ್‌ಕೆ ಎಂಬ ಸರಳ ಸದ್ದು. ಎರಡು ಸ್ವರಗಳ ನಡುವೆ ಜಿಗಿಯುತ್ತ ತಾಳದ ಗತಿಯನ್ನಷ್ಟೇ ಅದು ಹೇಳುತ್ತದೆ, ಜಾಗದ ಅಂಕಿ ಇರುವುದಿಲ್ಲ. ಹಾಗಾಗಿ ಪ್ರತಿ ಸಲವೂ ಹಾಡಿನ ಮೊದಲಿಂದಲೇ ಶುರು ಮಾಡಬೇಕು, ನಡುವೆ ಒಂದು ಮಿಡಿತ ಕಳೆದರೆ ಅಲ್ಲಿಂದಾಚೆ ಎಲ್ಲವೂ ಅಷ್ಟು ಹಿಂದೆ. ಲಯ ಒಂದೇ ಸಮನಿದ್ದರೆ ಕಂಪ್ಯೂಟರಿನಲ್ಲಿ ಪಕ್ಕದ ಸ್ವಚ್ಛ ಭಾಗದಿಂದ ಅಷ್ಟೇ ಉದ್ದದ ತುಣುಕನ್ನು ಕತ್ತರಿಸಿ ಗಾಯದ ಮೇಲೆ ಅಂಟಿಸಬಹುದು. ಇದನ್ನು ಓದಲು ಅದನ್ನು ಬರೆದ ಪೆಟ್ಟಿಗೆಯೋ ಅದರ ಸಹೋದರ ಮಾದರಿಯೋ ಬೇಕಾಗಬಹುದು, ಗುಜರಿಗೆ ಹಾಕುವ ಮುನ್ನ ಯೋಚಿಸಿ. ಡಿಬಿಎಕ್ಸ್ ಇರುವ ಕೆಲವು ಮಾದರಿಗಳಲ್ಲಿ ನಾಲ್ಕನೇ ಟ್ರ್ಯಾಕಿಗೆ ಮಾತ್ರ ಅದನ್ನು ನಿಲ್ಲಿಸುವ ‘ಸಿಂಕ್’ ಗುಂಡಿ ಇರುತ್ತದೆ. ಅದನ್ನು ಒತ್ತದೆ ಇಳಿಸಿಕೊಂಡ ಕೋಡ್ ಬಹುಮಟ್ಟಿಗೆ ವ್ಯರ್ಥ.

ಕೊನೆಗೆ ಬರೆದಿಡಬೇಕಾದ್ದು

ಒಂದು ಸಾದಾ ಟೆಕ್ಸ್ಟ್ ಫೈಲು ಮಾಡಿ. ಟೇಪಿನ ವೇಗ, ನಾಯ್ಸ್ ರಿಡಕ್ಷನ್ ಯಾವುದು, ಕೋಡ್ ಎಷ್ಟನೇ ಟ್ರ್ಯಾಕಿನಲ್ಲಿತ್ತು, ಫ್ರೇಮಿನ ದರ, ಡ್ರಾಪ್ ಹೌದೋ ಅಲ್ಲವೋ, ಮೊದಲ ಮತ್ತು ಕೊನೆಯ ಸ್ವಚ್ಛ ಅಂಕಿ, ಎಲ್ಲೆಲ್ಲಿ ತುಂಬಿಸಿದಿರಿ, ಎಲ್ಲೆಲ್ಲಿ ಬ್ಲೇಡಿನ ಕತ್ತರಿ ಇತ್ತು, ವೇಗವನ್ನು ಶೇಕಡಾ ಎಷ್ಟು ತಿದ್ದಿದಿರಿ, ಮೊದಲಿಗೆ ಎಷ್ಟು ಮೌನ ಸೇರಿಸಿದಿರಿ. ಹಳೆಯ ಕೋಡಿನ ಪೂರ್ತಿ ಪಟ್ಟಿಯನ್ನೂ ಅದರ ಜೊತೆಗೇ ಇಡಿ. ಈ ಫೈಲು ಹಾಡಿನ ಫೋಲ್ಡರಿನಲ್ಲೇ ಇರಲಿ, ಒಂದು ಮುದ್ರಿತ ಪ್ರತಿ ರೀಲಿನ ಪೆಟ್ಟಿಗೆಯೊಳಗಿರಲಿ. ರೀಲನ್ನು ಕೊನೆಯ ತುದಿ ಹೊರಗೆ ಬರುವಂತೆ, ವೇಗವಾಗಿ ಅಲ್ಲ, ಪ್ಲೇ ವೇಗದಲ್ಲೇ ಸುತ್ತಿ, ಪೆಟ್ಟಿಗೆಯನ್ನು ಪುಸ್ತಕ ನಿಲ್ಲಿಸುವಂತೆ ನೆಟ್ಟಗೆ ನಿಲ್ಲಿಸಿಡಿ. ಕಂಪ್ಯೂಟರಿಗೆ ಬಂತಲ್ಲ ಎಂದು ರೀಲನ್ನು ಎಸೆಯಬೇಡಿ.